ಮಳೆ ಬಂದಾಗಲೆಲ್ಲ ದೋಣಿಯ ಡೀಸೆಲ್‌ಗೆ ನೀರು ಸೇರುತ್ತಿದ್ದರೆ
ಟ್ಯಾಂಕ್ ತೊಳೆದ ಮೇಲೂ ಪ್ರತಿ ಮಳೆಗೆ ಫಿಲ್ಟರ್ ಬೌಲ್‌ನಲ್ಲಿ (ಫಿಲ್ಟರಿನ ಕೆಳಗೆ ನೀರು ನಿಲ್ಲುವ ಬಟ್ಟಲು) ನೀರು ಕಾಣುತ್ತಿದೆ ಅಂದರೆ, ಹೆಚ್ಚಾಗಿ ಅದು ಡೆಕ್ ಮೇಲಿನ ಡೀಸೆಲ್ ಮುಚ್ಚಳದ ಓ-ರಿಂಗ್‌ನಿಂದ (ನೀರು ತಡೆಯುವ ರಬ್ಬರ್ ಉಂಗುರ) ಇಳಿಯುತ್ತಿದೆ. ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಟ್ಯಾಂಕಿಗೆ ಗಾಳಿ ಆಡಿಸುವ ವೆಂಟ್ ಪೈಪಿನ ಬಾಯಿಗೆ ಅಲೆ ಬಡಿಯುತ್ತಿದ್ದರೆ ಅಲ್ಲಿಂದಲೂ ಬರಬಹುದು, ಎರಡರಲ್ಲಿ ಯಾವುದು ಅಂತ ದೂರದಿಂದ ಹೇಳುವುದು ಕಷ್ಟ. ಮುಂದಿನ ಮಳೆಗೆ ಮುಂಚೆ ಮುಚ್ಚಳಕ್ಕೆ ಮಾತ್ರ ಪ್ಲಾಸ್ಟಿಕ್ ಬಿಗಿದು ನೋಡಿ. ನೀರು ಬರುವುದು ನಿಂತರೆ ಮುಚ್ಚಳದ್ದೇ ತಪ್ಪು.

ಈಗ ಒಳಗಿರುವ ನೀರನ್ನು ತೆಗೆಯಬೇಕು, ಅಲ್ವಾ? ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ದೋಣಿ ಒಂದು ರಾತ್ರಿ ಅಲುಗದೆ ನಿಂತ ಮೇಲೆ ಕೈಪಂಪಿನ ಕೊಳವೆಯನ್ನು ಟ್ಯಾಂಕಿನ ಅತಿ ತಗ್ಗಿನ ಜಾಗಕ್ಕೆ ಮುಟ್ಟಿಸಿ, ಪಾರದರ್ಶಕ ಡಬ್ಬಿಗೆ ಎಳೆಯುತ್ತಾ ಹೋಗಿ, ಬರೀ ತಿಳಿ ಡೀಸೆಲ್ ಬರುವ ತನಕ ಬಿಡಬೇಡಿ. ಕಪ್ಪು ಲೋಳೆ ಬಂದರೆ ಅದು ನೀರಿನ ಮೇಲೆ ಬೆಳೆಯುವ ಸೂಕ್ಷ್ಮಜೀವಿ. ಅದಕ್ಕೆ ಡೀಸೆಲ್ ಬಯೋಸೈಡ್ (ಸೂಕ್ಷ್ಮಜೀವಿ ಕೊಲ್ಲುವ ಔಷಧಿ) ಬೇಕು, ಲೇಬಲ್ಲಿನಲ್ಲಿ ಹೇಳಿದಷ್ಟೇ ಹಾಕಿ. ಸತ್ತ ಲೋಳೆ ಸ್ವಲ್ಪ ದಿನ ಫಿಲ್ಟರ್ ಕಟ್ಟಿಸುತ್ತದೆ, ಆದ್ದರಿಂದ ಜಾಸ್ತಿ ಫಿಲ್ಟರ್ ಇಟ್ಟುಕೊಳ್ಳಿ. ತೆಗೆದ ನೀರನ್ನು ದಯವಿಟ್ಟು ಸಮುದ್ರಕ್ಕೆ ಚೆಲ್ಲಬೇಡಿ.

ಕೊನೆಗೆ ಬೌಲ್ ಖಾಲಿ ಮಾಡಿ, ಎರಡೂ ಫಿಲ್ಟರ್ (ಬೌಲ್ ಇರುವುದು, ಎಂಜಿನ್ ಮೇಲಿನದು) ಬದಲಿಸಿ, ಲೈನಿನ ಗಾಳಿ ಪೂರ್ತಿ ತೆಗೆದ ಮೇಲೆಯೇ ಎಂಜಿನ್ ಶುರು ಮಾಡಿ.