ಓದುಗರ ಪ್ರಶ್ನೆ, ನಮ್ಮ ಉತ್ತರ: ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಅವರ ಮನೆತನ

ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಸರ್ ಎಡ್ವರ್ಡ್ ಕೋಕ್ ಅವರು ಒಂದನೇ ಜೇಮ್ಸ್ ದೊರೆಯ ಎದುರಿನಲ್ಲಿಯೇ, ಅರಸನು ಯಾವ ಮನುಷ್ಯನಿಗೂ ಅಧೀನನಲ್ಲದಿದ್ದರೂ ದೇವರಿಗೂ ಕಾನೂನಿಗೂ ಅಧೀನನೆಂದು ಹೇಳಿದ ಪ್ರಸಂಗವನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿದ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅವರ ತೀರ್ಪುಗಳಿಗಿಂತ ಅವರ ಮನೆತನದ ಬಗ್ಗೆಯೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ದೊರೆಗೇ ಎದುರು ಮಾತನಾಡುವ ಧೈರ್ಯ ಕೋಕ್ ಅವರಿಗೆ ಬಂದದ್ದು ಅವರು ಹುಟ್ಟಿದ ಮನೆತನದ ಬಲದಿಂದಲೇ? ಅವರು ಸರದಾರರ ಮನೆಯವರೇ? — ಓದುಗರು, ಬೆಳಗಾವಿ

ಉತ್ತರ: ಸರದಾರರ ಮನೆಯವರಲ್ಲ, ವಕೀಲರ ಮನೆಯವರು. ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಮೈಲಮ್ ಎಂಬ ಹಳ್ಳಿಯಲ್ಲಿ 1552ರ ಫೆಬ್ರುವರಿ 1ರಂದು ಅವರು ಹುಟ್ಟಿದರು. ತಂದೆ ರಾಬರ್ಟ್ ಕೋಕ್ ಲಂಡನ್ನಿನ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಗೆ ಸೇರಿದ ಬ್ಯಾರಿಸ್ಟರ್. ತಾಯಿ ವಿನಿಫ್ರೆಡ್ ನೈಟ್ಲಿ ನಾರಿಚ್ ಪಟ್ಟಣದ ವಕೀಲರೊಬ್ಬರ ಮಗಳು. ಹೀಗೆ ಮನೆಯಲ್ಲಿಯೂ ತಾಯಿಯ ತವರಿನಲ್ಲಿಯೂ ಖಟ್ಲೆ, ಕರಾರು, ಜಮೀನಿನ ಕಾಗದಪತ್ರಗಳ ಮಾತೇ ನಡೆಯುತ್ತಿತ್ತು. ಎಂಟು ಮಕ್ಕಳಲ್ಲಿ ಎಡ್ವರ್ಡ್ ಒಬ್ಬನೇ ಗಂಡುಮಗ. 1561ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ತಾಯಿ ಮರುಮದುವೆಯಾದರು, 1569ರಲ್ಲಿ ಅವರೂ ತೀರಿಕೊಂಡರು. ನಾರಿಚ್‌ನ ಶಾಲೆ, 1567ರಿಂದ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು, 1572ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆ, 1578ರಲ್ಲಿ ವಕೀಲಿಯ ಸನದು, ಇದು ಅವರ ಓದಿನ ದಾರಿ.

ಆದರೆ ಆ ಮನೆತನ ನಿಜವಾಗಿ ಎದ್ದು ನಿಂತದ್ದು 1582ರಲ್ಲಿ ಅವರು ಬ್ರಿಜೆಟ್ ಪ್ಯಾಸ್ಟನ್ ಅವರನ್ನು ಮದುವೆಯಾದಾಗ. ತಂದೆಯ ಆಸ್ತಿಗೆ ವಾರಸುದಾರಳಾಗಿದ್ದ ಈ ಹೆಣ್ಣುಮಗಳೊಂದಿಗೆ 30,000 ಪೌಂಡ್ ಮೌಲ್ಯದ ಸಂಪತ್ತು ಬಂತೆಂದು ಹೇಳುತ್ತಾರೆ. ಆಕೆಯ ತವರಿನ ಕತೆ ಕೋಕ್ ಅವರ ಕತೆಗಿಂತಲೂ ಸ್ವಾರಸ್ಯವಾದದ್ದು. ಪ್ಯಾಸ್ಟನ್ ವಂಶದ ಮೂಲಪುರುಷ ಕ್ಲೆಮೆಂಟ್ 1419ರಲ್ಲಿ ತೀರಿಕೊಂಡ ಒಬ್ಬ ಸಾಮಾನ್ಯ ಒಕ್ಕಲಿಗ. ಆತ ತನ್ನ ನೇಗಿಲನ್ನು ತಾನೇ ಹೊಡೆಯುತ್ತಿದ್ದನೆಂದೂ, ಕುದುರೆಯ ಬರಿಬೆನ್ನಿನ ಮೇಲೆ ಕಾಳಿನ ಚೀಲ ಹಾಕಿ ಅದರ ಮೇಲೆ ಕುಳಿತು ಗಿರಣಿಗೆ ಹೋಗುತ್ತಿದ್ದನೆಂದೂ, ಸಾಲ ಮಾಡಿ ಮಗನನ್ನು ಶಾಲೆಗೆ ಕಳುಹಿಸಿದನೆಂದೂ ಆ ವಂಶಕ್ಕೆ ಆಗದವರು ಬರೆದಿಟ್ಟ ಒಂದು ಕಾಗದ ಹೇಳುತ್ತದೆ. ಹೀಯಾಳಿಸಲೆಂದೇ ಬರೆದ ಆ ಕಾಗದ ಇಂದು ಓದುವವರ ಕಣ್ಣಿಗೆ ಹೊಗಳಿಕೆಯಂತೆಯೇ ಕಾಣುತ್ತದೆ. ಸಾಲದ ಹಣದಲ್ಲಿ ಓದಿದ ಆ ಮಗ ವಿಲಿಯಂ ಪ್ಯಾಸ್ಟನ್ 1429ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದ. 1466ರ ಹೊತ್ತಿಗೆ ನಾಲ್ಕನೇ ಎಡ್ವರ್ಡ್ ದೊರೆ ಈ ಮನೆಯವರು ಪುರಾತನ ಕುಲೀನರೆಂದು ಪ್ರಮಾಣಪತ್ರವನ್ನೇ ಕೊಟ್ಟ! ಅಜ್ಜ ನೇಗಿಲು ಹೊಡೆದಿದ್ದರೂ ಮೊಮ್ಮಕ್ಕಳ ಕಾಲಕ್ಕೆ ಕುಲವೇ ಹಳೆಯದಾಗಿಬಿಟ್ಟಿತ್ತು. ಈ ವಂಶದವರು ಒಬ್ಬರಿಗೊಬ್ಬರು ಬರೆದ ಹದಿನೈದನೇ ಶತಮಾನದ ಪತ್ರಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿದ್ದು, ಆ ಕಾಲದ ಇಂಗ್ಲೆಂಡಿನ ಸಂಸಾರಗಳನ್ನು ಅರಿಯಲು ಅವುಗಳಷ್ಟು ಒಳ್ಳೆಯ ಆಕರ ಇನ್ನೊಂದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನಮ್ಮ ಅಭಿಪ್ರಾಯ ಇಷ್ಟು: ಕೋಕ್ ಅವರ ಧೈರ್ಯಕ್ಕೆ ಕುಲದ ಬಲಕ್ಕಿಂತ ಅವರ ಓದೂ ಸ್ವಂತ ಆಸ್ತಿಯೂ ಆಧಾರವಾಗಿದ್ದವು. ಆ ಆಸ್ತಿಯ ಮೊದಲ ದೊಡ್ಡ ಪಾಲು ಹೆಂಡತಿಯ ಕಡೆಯಿಂದ ಬಂದದ್ದು ಎಂಬುದನ್ನು ಅವರ ಜೀವನಚರಿತ್ರೆ ಹೇಳುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಪ್ರಶ್ನೆ: ನಮ್ಮ ಭಾಗದಲ್ಲಿ ಕೆಲವು ವರ್ಷಗಳಿಗೊಮ್ಮೆ ಹೆಳವರು ಮನೆಗೆ ಬಂದು, ಹಿಂದಿನ ಏಳೆಂಟು ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಇಂಥ ಪದ್ಧತಿ ಇತ್ತೇ? ಇಲ್ಲದಿದ್ದರೆ ನಾನೂರು ವರ್ಷಗಳ ಹಿಂದಿನ ವಿವರಗಳು ಸಿಗುವುದು ಹೇಗೆ? — ಓದುಗರು, ಬೀಳಗಿ

ಉತ್ತರ: ಹೆಚ್ಚುಕಡಿಮೆ ಅಂಥದೇ ಒಂದು ಪದ್ಧತಿ ಇತ್ತು. ಎಂಟನೇ ಹೆನ್ರಿ ದೊರೆ 1530ರಲ್ಲಿ ಕೊಟ್ಟ ಅಧಿಕಾರಪತ್ರದ ಮೇರೆಗೆ ಹೆರಾಲ್ಡ್ ಎಂಬ ರಾಜಾಧಿಕಾರಿಗಳು ಕೆಲವು ದಶಕಗಳಿಗೊಮ್ಮೆ ಪ್ರತಿ ಪ್ರಾಂತಕ್ಕೂ ಹೋಗಿ, ಅಲ್ಲಿನ ಜಮೀನುದಾರ ಮನೆತನಗಳನ್ನು ಕರೆಸಿ, ಅವರ ವಂಶಾವಳಿಯನ್ನೂ ಮನೆತನದ ಲಾಂಛನವನ್ನೂ ಪರಿಶೀಲಿಸಿ ಬರೆದುಕೊಳ್ಳುತ್ತಿದ್ದರು. ಈ ಪದ್ಧತಿ 1680ರ ದಶಕದ ಕೊನೆಯವರೆಗೆ ನಡೆಯಿತು. ಹೆಳವರು ಕಾಳುಕಡಿ, ಬಟ್ಟೆ, ದನಕರುಗಳ ಕಾಣಿಕೆ ಪಡೆಯುವಂತೆ ಅವರಿಗೂ ಶುಲ್ಕ ಸಲ್ಲುತ್ತಿತ್ತು. ಆದರೆ ಹೆಳವರು ಬರುವುದು ಮನೆಯ ಹಿರಿಯರನ್ನು ಕೊಂಡಾಡಲು. ಹೆರಾಲ್ಡ್ ಬರುತ್ತಿದ್ದುದು ದೊರೆಯ ಪರವಾಗಿ ತಪಾಸಣೆಗೆ. ಲಾಂಛನಕ್ಕೆ ತಕ್ಕ ಪುರಾವೆ ತೋರಿಸಲಾಗದವನ ಹೆಸರನ್ನು, ಈತ ಕುಲೀನನಲ್ಲವೆಂದು ಊರಿನಲ್ಲಿ ಬಹಿರಂಗವಾಗಿ ಸಾರುತ್ತಿದ್ದುದೂ ಉಂಟು. ಇಷ್ಟೆಲ್ಲ ಕಟ್ಟುನಿಟ್ಟಿದ್ದರೂ ಸುಳ್ಳು ವಂಶಾವಳಿಗಳಿಗೆ ಕೊರತೆಯಿರಲಿಲ್ಲ. ಹೊಸದಾಗಿ ಹಣ ಕಂಡವರಿಗೆ ಹಳೆಯ ಪೂರ್ವಿಕರೂ ಬೇಕಾಗುತ್ತಿದ್ದರು.

ಇದಕ್ಕಿಂತ ನಂಬಲರ್ಹವಾದವು ಚರ್ಚಿನ ರಿಜಿಸ್ಟರುಗಳು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಊರಿನ ಪಾದ್ರಿ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕಾಯಿತು. ಇವುಗಳ ಜೊತೆಗೆ ವಿಲ್‌ಗಳು, ವಕೀಲರ ಸಂಸ್ಥೆಗಳ ಪ್ರವೇಶ ಪುಸ್ತಕಗಳು, ಸಮಾಧಿಯ ಶಾಸನಗಳು ಇವೆ. ಕೋಕ್ ಅವರಂತೂ ತಾವು ಸದಾ ಬಳಸುತ್ತಿದ್ದ ಕಾನೂನು ಗ್ರಂಥದ ಪ್ರತಿಯಲ್ಲಿಯೇ ಸ್ವಂತ ಬದುಕಿನ ಮುಖ್ಯ ಸಂಗತಿಗಳನ್ನು ಬರೆದಿಟ್ಟುಕೊಂಡಿದ್ದರು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮಾತ್ರ ಕೋರ್ಟಿನ ಕಡತಗಳೇ. ಸುಖವಾಗಿ ಬಾಳಿದ ಸಂಸಾರದ ಬಗ್ಗೆ ಮೂರು ತಾರೀಖುಗಳು ಸಿಕ್ಕರೆ, ಜಗಳವಾಡಿದ ಸಂಸಾರದ ಬಗ್ಗೆ ಮುನ್ನೂರು ಪುಟ ಸಿಗುತ್ತವೆ.

ಪ್ರಶ್ನೆ: ಕೋಕ್ ಅವರು ಹುಟ್ಟಿದ ವರ್ಷ ಕೆಲವೆಡೆ 1551 ಎಂದೂ ಕೆಲವೆಡೆ 1552 ಎಂದೂ ಇದೆ. ಯಾವುದು ಸರಿ? — ಓದುಗರು, ಅಥಣಿ

ಉತ್ತರ: ಎರಡೂ ಸರಿ. ಇಂಗ್ಲೆಂಡಿನಲ್ಲಿ ಆಗ ಸರಕಾರಿ ಲೆಕ್ಕದ ಹೊಸ ವರ್ಷ ಮಾರ್ಚ್ 25ಕ್ಕೆ ಮೊದಲಾಗುತ್ತಿತ್ತು. ಅವರು ಹುಟ್ಟಿದ ಫೆಬ್ರುವರಿ ಅಂದಿನ ಬರವಣಿಗೆಯಲ್ಲಿ 1551ಕ್ಕೆ ಸೇರುತ್ತದೆ, ಇಂದಿನ ಲೆಕ್ಕದಲ್ಲಿ 1552ಕ್ಕೆ. 1752ರಿಂದ ಅಲ್ಲಿಯೂ ಜನವರಿ 1 ವರ್ಷಾರಂಭವಾಯಿತು. ಆ ದೇಶದ ಹಳೆಯ ದಾಖಲೆ ನೋಡುವವರು ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಖುಗಳನ್ನು ಎಚ್ಚರದಿಂದ ಓದಬೇಕು; ಇಲ್ಲವಾದರೆ ಮಗು ತಂದೆತಾಯಿಯ ಮದುವೆಗೆ ಮುಂಚೆಯೇ ಹುಟ್ಟಿದಂತೆ ಕಾಣುವ ಅಪಾಯವಿದೆ.

ಪ್ರಶ್ನೆ: ಅಂಥ ಕಾನೂನು ಪಂಡಿತರೇ ಮದುವೆಯಲ್ಲಿ ಕಾನೂನು ಮುರಿದರೆಂದೂ, ಮಗಳನ್ನು ಬಲವಂತದಿಂದ ಹೊತ್ತು ತಂದರೆಂದೂ ಓದಿದ್ದೇನೆ. ಇದು ನಿಜವೇ? — ಓದುಗರು, ವಿಜಯಪುರ

ಉತ್ತರ: ಎರಡೂ ನಿಜ. ಹತ್ತು ಮಕ್ಕಳನ್ನು ಹೆತ್ತ ಬ್ರಿಜೆಟ್ 1598ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ, ಆಗ ಅಟಾರ್ನಿ ಜನರಲ್ ಆಗಿದ್ದ ಕೋಕ್ ಅವರು ಲೇಡಿ ಎಲಿಜಬೆತ್ ಹ್ಯಾಟನ್ ಅವರ ಕೈ ಹಿಡಿದರು. ಆಕೆ ಎಲಿಜಬೆತ್ ರಾಣಿಯ ಹಿರಿಯ ಮಂತ್ರಿ ಲಾರ್ಡ್ ಬರ್ಲಿಯ ಮೊಮ್ಮಗಳು, ಹರೆಯದ ಶ್ರೀಮಂತ ವಿಧವೆ. ವರನಿಗೆ ನಲವತ್ತಾರು ವರ್ಷ. ಅವರ ಜೀವಮಾನದ ಪ್ರತಿಸ್ಪರ್ಧಿ ಫ್ರಾನ್ಸಿಸ್ ಬೇಕನ್ ಕೂಡ ಆಕೆಯನ್ನು ವರಿಸಲು ಹವಣಿಸಿದ್ದರು. ಚರ್ಚಿನಲ್ಲಿ ಮುಂಚಿತವಾಗಿ ಮೂರು ಸಲ ಸಾರಬೇಕು, ಇಲ್ಲವೇ ಪರವಾನಗಿ ಪಡೆಯಬೇಕು ಎಂಬ ನಿಯಮವನ್ನು ಬಿಟ್ಟು ಈ ಮದುವೆ ಖಾಸಗಿ ಮನೆಯೊಂದರಲ್ಲಿ ಗುಟ್ಟಾಗಿ ನಡೆಯಿತು. ಆರ್ಚ್‌ಬಿಷಪ್ ವಿಟ್‌ಗಿಫ್ಟ್ ಅವರ ಧಾರ್ಮಿಕ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. ಕ್ಷಮೆ ದೊರೆತದ್ದು, ಕಾನೂನು ತಿಳಿಯದೆ ಆದ ತಪ್ಪು ಎಂಬ ಕಾರಣದ ಮೇಲೆ. ರಾಜ್ಯಕ್ಕೆ ಕಾನೂನು ಹೇಳುವ ಅಧಿಕಾರಿಗೇ ಕಾನೂನು ಗೊತ್ತಿರಲಿಲ್ಲವೆಂದು ದಾಖಲೆಯಲ್ಲಿ ಉಳಿದ ಈ ಮಾತಿಗೆ ಟೀಕೆ ಬೇಕಾಗಿಲ್ಲ.

ಮದುವೆಯಲ್ಲಿ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಂದೇ ವ್ಯಕ್ತಿ ಎಂಬ ಸೂತ್ರವನ್ನು ಮುಂದೆ ತಮ್ಮ ವ್ಯಾಖ್ಯಾನದಲ್ಲಿ ಬರೆದವರು ಕೋಕ್ ಅವರೇ. ಅವರ ಎರಡನೇ ಹೆಂಡತಿ ಮಾತ್ರ ಗಂಡನ ಹೆಸರನ್ನೇ ಇಟ್ಟುಕೊಳ್ಳಲಿಲ್ಲ. ಕೊನೆಯವರೆಗೂ ಲೇಡಿ ಹ್ಯಾಟನ್ ಆಗಿಯೇ ಉಳಿದು, ಲಂಡನ್ನಿನ ಹ್ಯಾಟನ್ ಹೌಸ್ ತಮ್ಮದೆಂದು ಪಟ್ಟು ಹಿಡಿದರು. ಈ ದಾಂಪತ್ಯದಲ್ಲಿ ಎಲಿಜಬೆತ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

1616ರ ನವೆಂಬರ್‌ನಲ್ಲಿ ದೊರೆ ಕೋಕ್ ಅವರನ್ನು ಮುಖ್ಯ ನ್ಯಾಯಮೂರ್ತಿಯ ಸ್ಥಾನದಿಂದ ತೆಗೆದುಹಾಕಿದರು. ಕಳೆದುಹೋದ ರಾಜಾನುಗ್ರಹವನ್ನು ಮರಳಿ ಪಡೆಯಲು ಅವರು ಕಂಡುಕೊಂಡ ದಾರಿ, ದೊರೆಯ ಪ್ರಿಯಪಾತ್ರ ಬಕಿಂಗ್‌ಹ್ಯಾಮ್ ಅವರ ಅಣ್ಣ ಸರ್ ಜಾನ್ ವಿಲಿಯರ್ಸ್‌ಗೆ ಕಿರಿಯ ಮಗಳು ಫ್ರಾನ್ಸಿಸ್‌ಳನ್ನು ಕೊಡುವುದು. ತಾಯಿ ಒಪ್ಪಲಿಲ್ಲ. ಹದಿಹರೆಯದ ಮಗಳನ್ನು ಕರೆದುಕೊಂಡು ಹೋಗಿ ಓಟ್‌ಲ್ಯಾಂಡ್ಸ್ ಹತ್ತಿರದ ಮನೆಯೊಂದರಲ್ಲಿ ಬಚ್ಚಿಟ್ಟರು. ಕೋಕ್ ಅವರು ಮಗ ಕ್ಲೆಮೆಂಟ್‌ನನ್ನೂ ಆಯುಧ ಹಿಡಿದ ಆಳುಗಳನ್ನೂ ಕಟ್ಟಿಕೊಂಡು ಹೋಗಿ, ಬಾಗಿಲು ಒಡೆದು ಮಗಳನ್ನು ಎತ್ತಿಕೊಂಡು ಬಂದರು. ಲೇಡಿ ಹ್ಯಾಟನ್ ದೂರು ಒಯ್ದದ್ದು ಆಗ ಲಾರ್ಡ್ ಕೀಪರ್ ಎಂಬ, ರಾಜಮುದ್ರೆಯ ಹೊಣೆ ಹೊತ್ತ ಉನ್ನತ ಹುದ್ದೆಯಲ್ಲಿದ್ದ ಬೇಕನ್ ಅವರ ಬಳಿಗೆ. ಹಳೆಯ ಹಗೆಯನ್ನು ತೀರಿಸಿಕೊಳ್ಳಲು ಅನಾಯಾಸವಾಗಿ ಅವಕಾಶ ಸಿಕ್ಕರೂ, ದೊರೆಗೂ ಬಕಿಂಗ್‌ಹ್ಯಾಮ್‌ಗೂ ಈ ಸಂಬಂಧ ಬೇಕಾಗಿದೆ ಎಂದು ತಿಳಿದೊಡನೆ ಬೇಕನ್ ಮಾತು ಬದಲಿಸಿದರು. 1617ರ ಸೆಪ್ಟೆಂಬರ್ 29ರಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಮದುವೆ ನಡೆಯಿತು. ಕನ್ಯೆಯನ್ನು ಧಾರೆ ಎರೆದು ಕೊಟ್ಟಂತೆ ಒಪ್ಪಿಸಿದವರು ಸ್ವತಃ ದೊರೆ, ತಾಯಿ ಮಾತ್ರ ಕಾವಲಿನಲ್ಲಿದ್ದರು. ಕೋಕ್ ಅವರಿಗೆ ದೊರೆಯ ಆಪ್ತ ಮಂಡಳಿಯಲ್ಲಿ ಮತ್ತೆ ಜಾಗ ಸಿಕ್ಕಿತು.

ಕನ್ಯೆಗೆ ಸಿಕ್ಕದ್ದೇನು? ಗಂಡನಿಗೆ ಕೆಲವೇ ವರ್ಷಗಳಲ್ಲಿ ಚಿತ್ತಭ್ರಮೆ ಹಿಡಿಯಿತು. ಆಕೆಗೆ 1624ರಲ್ಲಿ ಹುಟ್ಟಿದ ಮಗು ಸರ್ ರಾಬರ್ಟ್ ಹೊವಾರ್ಡ್ ಅವರದೆಂದು ವ್ಯಭಿಚಾರದ ಮೊಕದ್ದಮೆ ನಡೆದು, ಬಿಳಿ ಬಟ್ಟೆ ಹೊದ್ದು ಬರಿಗಾಲಿನಲ್ಲಿ ಬಹಿರಂಗ ಪ್ರಾಯಶ್ಚಿತ್ತ ಮಾಡಬೇಕೆಂದು 1627ರಲ್ಲಿ ಶಿಕ್ಷೆಯಾಯಿತು. ಆಕೆ ಅದಕ್ಕೆ ಸಿಗದೆ ತಪ್ಪಿಸಿಕೊಂಡರು. ಬಾಗಿಲು ಒಡೆದು ತಂದ ಆ ಮಗಳೇ ತಂದೆಯ ಕೊನೆಯ ದಿನಗಳಲ್ಲಿ ಸ್ಟೋಕ್ ಪೋಜಸ್‌ನ ಮನೆಯಲ್ಲಿ ಅವರ ಜೊತೆಗಿದ್ದರು. ಅರಸನ ಅಧಿಕಾರಕ್ಕೆ ಮಿತಿ ಹಾಕಲು ಜೀವ ತೇದ ಮನುಷ್ಯ ಮನೆಯೊಳಗಿನ ತನ್ನ ಅಧಿಕಾರಕ್ಕೆ ಯಾವ ಮಿತಿಯನ್ನೂ ಕಾಣಲಿಲ್ಲ ಎಂದೇ ನಮಗೆ ಅನ್ನಿಸುತ್ತದೆ. ಆ ಕಾಲವೇ ಹಾಗಿತ್ತು ಎಂಬ ಸಮಾಧಾನ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಅದೇ ಕಾಲದ ಲೇಡಿ ಹ್ಯಾಟನ್ ಅದನ್ನು ಒಪ್ಪಿರಲಿಲ್ಲ.

ಪ್ರಶ್ನೆ: ಈ ವಂಶ ಈಗಲೂ ಉಳಿದಿದೆಯೇ? ಗಂಡು ಸಂತಾನವಿಲ್ಲದಾಗ ಅವರೂ ನಮ್ಮವರಂತೆ ದತ್ತಕ ತೆಗೆದುಕೊಳ್ಳುತ್ತಿದ್ದರೇ? — ಓದುಗರು, ಚನ್ನಮ್ಮನ ಕಿತ್ತೂರು

ಉತ್ತರ: ಉಳಿದಿದೆ, ಆದರೆ ನೇರ ಗಂಡು ಸಂತತಿಯಲ್ಲಿ ಅಲ್ಲ. ಕೋಕ್ ಅವರ ಮಗ ಜಾನ್ 1612ರಲ್ಲಿ ಮೆರಿಯಲ್ ವೀಟ್ಲಿ ಎಂಬ ವಾರಸುದಾರಳನ್ನು ಮದುವೆಯಾದದ್ದರಿಂದ ನಾರ್ಫೋಕ್‌ನ ಕಡಲ ತೀರದ ಹೋಲ್ಕಮ್ ಜಮೀನು ಮನೆತನಕ್ಕೆ ಬಂತು; ಇಲ್ಲಿಯೂ ಹೆಣ್ಣಿನ ಕಡೆಯ ಆಸ್ತಿಯೇ. ಜಾನ್‌ನ ಸಂತತಿ ನಿಂತುಹೋದಾಗ ಅದು ಇನ್ನೊಬ್ಬ ಮಗ ಹೆನ್ರಿಯ ವಂಶಕ್ಕೆ ಸೇರಿತು. ಆ ವಂಶದ ಥಾಮಸ್ ಕೋಕ್ 1734ರಿಂದ ಅಲ್ಲಿ ಹೋಲ್ಕಮ್ ಹಾಲ್ ಎಂಬ ಭವ್ಯ ಮಹಲನ್ನು ಕಟ್ಟಿಸತೊಡಗಿ, 1744ರಲ್ಲಿ ಲೆಸ್ಟರ್ ಅರ್ಲ್ ಪದವಿ ಪಡೆದರು. ಅವರ ಒಬ್ಬನೇ ಮಗ 1753ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡ. ಆಗ ತಂಗಿಯ ಮಗ ವೆನ್‌ಮನ್ ರಾಬರ್ಟ್ಸ್ ಎಂಬುವರು ಕೋಕ್ ಎಂಬ ಅಡ್ಡಹೆಸರನ್ನು ಧರಿಸಿ ಉತ್ತರಾಧಿಕಾರಿಯಾದರು. ಅವರ ಮಗನೇ ವ್ಯವಸಾಯ ಸುಧಾರಣೆಗೆ ಹೆಸರಾದ, 1842ರಲ್ಲಿ ತೀರಿಕೊಂಡ ಥಾಮಸ್ ವಿಲಿಯಂ ಕೋಕ್.

ದತ್ತಕದ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಕಾನೂನಿನಲ್ಲಿ 1926ರವರೆಗೆ ದತ್ತಕ ಎಂಬುದೇ ಇರಲಿಲ್ಲ. ಹೆಸರು ಬದಲಿಸಬಹುದಿತ್ತು, ವಿಲ್ ಬರೆಯಬಹುದಿತ್ತು. ಬೇರೆಯವರ ಮಗುವನ್ನು ಕಾನೂನುಬದ್ಧವಾಗಿ ತಮ್ಮದಾಗಿಸಿಕೊಳ್ಳುವ ದಾರಿ ಇರಲಿಲ್ಲ. 1824ರಲ್ಲಿ ನಿಮ್ಮ ಊರಿನ ಸಂಸ್ಥಾನದ ದತ್ತಕ ಸಿಂಧುವಲ್ಲವೆಂದು ಹೇಳಿದ ಕಂಪನಿಯ ಅಧಿಕಾರಿ ಥ್ಯಾಕರೆ ಬಂದದ್ದು ಅಂಥ ದೇಶದಿಂದ ಎಂಬುದನ್ನು ಇಲ್ಲಿ ಸೇರಿಸಿ ಓದಿಕೊಳ್ಳಬಹುದು.

ಪ್ರಶ್ನೆ: ಕೋಕ್ ಅವರ ಸಮಾಧಿ ಎಲ್ಲಿದೆ? ಅವರ ಕಾಗದಪತ್ರಗಳು ಉಳಿದಿವೆಯೇ? — ಓದುಗರು, ಮುಧೋಳ

ಉತ್ತರ: 1634ರ ಸೆಪ್ಟೆಂಬರ್ 3ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಅವರನ್ನು ಮೊದಲ ಹೆಂಡತಿಯ ಸ್ಮಾರಕವಿರುವ ನಾರ್ಫೋಕ್‌ನ ಟಿಟಲ್‌ಶಲ್ ಚರ್ಚಿನಲ್ಲಿಯೇ ಸಮಾಧಿ ಮಾಡಲಾಯಿತು, ಅವರ ಅಮೃತಶಿಲೆಯ ಸ್ಮಾರಕ ಶಿಲ್ಪಿ ನಿಕೊಲಸ್ ಸ್ಟೋನ್ ಅವರ ಕೆಲಸ. ಅವರು ಸಾವಿನ ಹಾಸಿಗೆಯಲ್ಲಿದ್ದಾಗಲೇ ಒಂದನೇ ಚಾರ್ಲ್ಸ್ ದೊರೆಯ ಅಪ್ಪಣೆಯಂತೆ ಅವರ ಕಾಗದಪತ್ರಗಳನ್ನು ವಶಪಡಿಸಿಕೊಳ್ಳಲಾಯಿತು. 1641ರಲ್ಲಿ ಅವುಗಳನ್ನು ವಾರಸುದಾರರಿಗೆ ಮರಳಿಸಬೇಕೆಂದು ಪಾರ್ಲಿಮೆಂಟ್ ಆಜ್ಞೆ ಮಾಡಿತು, ಕಾನೂನಿನ ಮೇಲಿನ ಅವರ ಮಹಾಗ್ರಂಥದ ಉಳಿದ ಮೂರು ಭಾಗಗಳು ಅನಂತರ ಅಚ್ಚಾದವು. ಆದರೆ ಮೊಮ್ಮಗ ರೋಜರ್ ಕೋಕ್ ಬರೆದಿರುವ ಪ್ರಕಾರ, ಆಗ ಒಯ್ದ ಕಾಗದಗಳಲ್ಲಿ ಅಜ್ಜನ ವಿಲ್ ಕೂಡ ಇತ್ತು, ಮಕ್ಕಳ ಕೈಗೆ ಅದು ಮತ್ತೆ ಬರಲೇ ಇಲ್ಲ.