ಓದುಗರ ಪ್ರಶ್ನೆ: ಏಳು ಜನರಲ್ಲಿ ಒಬ್ಬನ ಹೆಸರೇ ಏಕೆ?

ಪ್ರಶ್ನೆ: ಮಗಳ ಮನೆಗೆಂದು ಕೆನಡಾಕ್ಕೆ ಹೋಗಿದ್ದಾಗ ಹ್ಯಾಮಿಲ್ಟನ್ ಊರಿನ ಯುದ್ಧವಿಮಾನ ಸಂಗ್ರಹಾಲಯದಲ್ಲಿ, ಇಂದಿಗೂ ಹಾರುವ ಲ್ಯಾಂಕಾಸ್ಟರ್ ಬಾಂಬರ್ ಒಂದನ್ನು ನೋಡಿದೆ. ಅದಕ್ಕೆ ಮೈನಾರ್ಸ್ಕಿ ಎಂಬ ಗನ್ನರ್‌ನ ಹೆಸರಿಟ್ಟಿದ್ದಾರೆ. ಏಳು ಜನರಿದ್ದ ವಿಮಾನದಲ್ಲಿ, ಪೈಲಟ್ ಕೂಡ ಅಲ್ಲದ ಒಬ್ಬನನ್ನೇ ನೆನೆಯುವುದೇಕೆ? ದೇಹವೇ ಸಿಗದೆ ಹೋದವರ ಗತಿಯೇನು?
— ಒಬ್ಬ ಓದುಗರು, ಮೈಸೂರು

ಉತ್ತರ: ಸಾಯುವುದು ಖಚಿತವೆಂದು ಎಲ್ಲರೂ ತಿಳಿದಿದ್ದವನೊಬ್ಬ ಬದುಕಿ ಬಂದು, ತಾನು ಕಂಡದ್ದನ್ನು ಹೇಳಿದ್ದರಿಂದ ಆ ಹೆಸರು ಉಳಿಯಿತು.

ಆಂಡ್ರ್ಯೂ ಮೈನಾರ್ಸ್ಕಿ ವಿನಿಪೆಗ್‌ನವನು. ಪೋಲೆಂಡಿನಿಂದ ವಲಸೆ ಬಂದವರ ಮಗ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ಇಳಿದು ಒಂದು ವಾರವೂ ಆಗಿರಲಿಲ್ಲ. 1944ರ ಜೂನ್ 12ರ ರಾತ್ರಿ ಆತನಿದ್ದ ಲ್ಯಾಂಕಾಸ್ಟರ್ ಕಾಂಬ್ರೆ ಪಟ್ಟಣದ ರೈಲು ಯಾರ್ಡಿನ ಮೇಲೆ ಬಾಂಬು ಹಾಕಲು ಹೊರಟಿತ್ತು. ಅದು ಆ ತಂಡದ ಹದಿಮೂರನೆಯ ದಾಳಿಯೆಂದು ಪಾಶ್ಚಾತ್ಯರು ತಪ್ಪದೆ ಸೇರಿಸಿ ಹೇಳುತ್ತಾರೆ. ಅಂಕಿಯ ಶಕುನ ನಮಗೆ ಬೇಡ. ಜರ್ಮನ್ ಯುದ್ಧವಿಮಾನದ ಗುಂಡೇಟಿಗೆ ಎಡಬದಿಯ ಎರಡೂ ಎಂಜಿನ್‌ಗಳು ನಿಂತು ಬೆಂಕಿ ಹೊತ್ತಿಕೊಂಡಿತು; ಜಿಗಿಯಿರಿ ಎಂದು ಪೈಲಟ್ ಆಜ್ಞೆ ಕೊಟ್ಟ.

ಬಾಲದ ತುದಿಯ ಗಾಜಿನ ಗೂಡಿನಲ್ಲಿ ಪ್ಯಾಟ್ ಬ್ರೋಫಿ ಎಂಬ ಗನ್ನರ್ ಕೂತಿದ್ದ. ಆ ಗೂಡು ತಿರುಗುವುದು ಎಣ್ಣೆಯ ಒತ್ತಡದಿಂದ. ಎಂಜಿನ್ ಹೋದ ಮೇಲೆ ಒತ್ತಡವೂ ಹೋಗಿ ಗೂಡು ಸಿಕ್ಕಿಹಾಕಿಕೊಂಡಿತು. ಕೈಯಿಂದ ತಿರುಗಿಸುವ ಹಿಡಿಯೂ ಮುರಿಯಿತು. ಹೊರಗೆ ಹಾರುವ ಬಾಗಿಲ ಬಳಿಗೆ ಬಂದಿದ್ದ ಮೈನಾರ್ಸ್ಕಿ ಇದನ್ನು ಕಂಡು, ಉರಿಯುತ್ತಿದ್ದ ಎಣ್ಣೆಯ ನಡುವೆ ಮೊಣಕಾಲೂರಿ ತೆವಳುತ್ತ ಬಾಲದತ್ತ ಹೋದ. ಕೊಡಲಿಯಿಂದ ಹೊಡೆದ, ಆಗದಿದ್ದಾಗ ಬರಿಗೈಯಲ್ಲಿ ಎಳೆದ. ಅಷ್ಟರಲ್ಲಿ ಅವನ ಬಟ್ಟೆಗೂ ಪ್ಯಾರಾಶೂಟಿಗೂ ಬೆಂಕಿ ತಗುಲಿತ್ತು. ಹೋಗು ಎಂದು ಬ್ರೋಫಿ ಕೈಬೀಸಿದ ಮೇಲೆ, ಬೆನ್ನು ತೋರಿಸದೆ ಹಿಂದಕ್ಕೆ ತೆವಳಿ, ಬಾಗಿಲ ಬಳಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು ಕೆಳಗೆ ಹಾರಿದ. ಇಬ್ಬರೂ ರಾತ್ರಿ ಬೀಳ್ಕೊಡುವಾಗ ಆತ ತಮಾಷೆಗೆ ‘ಗುಡ್ ನೈಟ್, ಸರ್’ ಎನ್ನುವುದು ವಾಡಿಕೆಯಾಗಿತ್ತು. ಆ ಗದ್ದಲದಲ್ಲಿ ದನಿ ಕೇಳಿಸದಿದ್ದರೂ ತುಟಿ ಆಡಿದ್ದು ಅದಕ್ಕೇ ಎಂದು ಬ್ರೋಫಿ ನಂಬಿದ್ದ.

ಮೈನಾರ್ಸ್ಕಿ ಸುಟ್ಟ ಗಾಯಗಳಿಂದ ತೀರಿಕೊಂಡ; ವಯಸ್ಸು 27. ಬಾಂಬುಗಳ ಸಮೇತ ನೆಲಕ್ಕಪ್ಪಳಿಸಿದ ವಿಮಾನದ ರೆಕ್ಕೆ ಮರಕ್ಕೆ ಬಡಿದ ರಭಸಕ್ಕೆ ಬ್ರೋಫಿ ಗೂಡಿನಿಂದ ಸಿಡಿದು ಹೊರಬಿದ್ದು ಬದುಕಿದ. ಉಳಿದ ಐವರೂ ಬದುಕಿದರು. ಬ್ರೋಫಿಯ ಹೇಳಿಕೆಯ ಮೇಲೆ 1946ರಲ್ಲಿ ಮೈನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ನೀವು ನೋಡಿದ್ದು ಅವನು ಹಾರಿದ ವಿಮಾನವಲ್ಲ, ಅದೇ ಮಾದರಿಯ ಇನ್ನೊಂದು. ಅದರ ಮೈಮೇಲೆ ನಾಶವಾದ ವಿಮಾನದ ಗುರುತಿನ ಅಕ್ಷರಗಳನ್ನು ಬರೆದಿದ್ದಾರೆ.

ಬ್ರೋಫಿ ಸತ್ತಿದ್ದರೆ ಮೈನಾರ್ಸ್ಕಿಯೂ ಬ್ರಿಟನ್ನಿನ ಬಾಂಬರ್ ಕಮಾಂಡ್ (ವಾಯುಪಡೆಯ ಬಾಂಬರ್ ವಿಮಾನಗಳ ವಿಭಾಗ) ಕಳೆದುಕೊಂಡ 55,573 ಮಂದಿಯ ಲೆಕ್ಕದಲ್ಲಿ ಒಂದು ಅಂಕಿಯಾಗಿ ಉಳಿಯುತ್ತಿದ್ದ. ಕಂಡು ಹೇಳುವವರಿಲ್ಲದ ಇಂಥ ಸಾಹಸಗಳು ಉಳಿದ ವಿಮಾನಗಳಲ್ಲಿ ನಡೆದಿರಲಿಲ್ಲವೆಂದು ನನಗಂತೂ ಅನಿಸುವುದಿಲ್ಲ.

ಇನ್ನು ದೇಹ ಸಿಗದವರ ವಿಚಾರ. ಲಂಡನ್ನಿನ ಹೊರವಲಯದ ರನ್ನಿಮೀಡ್‌ನಲ್ಲಿ, ಸಮಾಧಿಯಿಲ್ಲದ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಾಯುಪಡೆಯವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ ಸ್ಮಾರಕ 1953ರಿಂದ ಇದೆ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ 2012ರಲ್ಲಿ ಅನಾವರಣಗೊಂಡ ಬಾಂಬರ್ ಕಮಾಂಡ್ ಸ್ಮಾರಕದಲ್ಲಿ ಏಳು ಕಂಚಿನ ವೈಮಾನಿಕರು ನಿಂತಿದ್ದಾರೆ. ಅವರು ಯಾವುದೇ ನಿರ್ದಿಷ್ಟ ವ್ಯಕ್ತಿಗಳ ಪ್ರತಿಮೆಗಳಲ್ಲ. ಅದರ ಚಾವಣಿಗೆ ಬಳಸಿದ ಅಲ್ಯೂಮಿನಿಯಂನಲ್ಲಿ ಒಂದು ಪಾಲು, 1944ರ ಮೇ ತಿಂಗಳಲ್ಲಿ ಬೆಲ್ಜಿಯಂನ ಜೌಗು ನೆಲದಲ್ಲಿ ಹೂತುಹೋದ ಹ್ಯಾಲಿಫ್ಯಾಕ್ಸ್ ಬಾಂಬರಿನದು. 1997ರಲ್ಲಿ ಅದನ್ನು ಅಗೆದು ತೆಗೆದಾಗ, ಐವತ್ತಕ್ಕೂ ಹೆಚ್ಚು ವರ್ಷ ಪತ್ತೆಯಿಲ್ಲದಿದ್ದ ಮೂವರು ಸಿಬ್ಬಂದಿಯ ಅವಶೇಷಗಳು ಒಳಗಿದ್ದವು.