ಒಂದೇ ಪ್ಲಾಟ್‌ಫಾರ್ಮು, ಎರಡು ಸರ್ಕಾರ

ಪ್ರಶ್ನೆ: ಬ್ರಿಟನ್ನಿನಲ್ಲಿ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನ ಇಲ್ಲವಂತೆ. ನಮಗೇಕೆ ಬೇಕು ಮೇಷ್ಟ್ರೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಡೊಂಬಿವಲಿ ಸ್ಟೇಷನ್ನನ್ನೇ ನೋಡಿ. ಲೋಕಲ್ ಟ್ರೈನು ಕೇಂದ್ರದ್ದು. ಆದರೆ ಪರ್ಸು ಕಳುವಾದರೆ ದೂರು ಬರೆದುಕೊಳ್ಳುವ ರೈಲ್ವೆ ಪೊಲೀಸರು ಮಹಾರಾಷ್ಟ್ರ ಸರ್ಕಾರದವರು. ಸಂವಿಧಾನದ ಏಳನೇ ಶೆಡ್ಯೂಲಿನಲ್ಲಿ ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಎರಡು ಸರ್ಕಾರ ಒಂದೇ ಜಾಗದಲ್ಲಿ ಕೆಲಸ ಮಾಡುವಾಗ ಬಾಯಿಮಾತು ಸಾಲದು, ಅಲ್ವಾ? ಅಣ್ಣತಮ್ಮಂದಿರೂ ಪಾಲುಪತ್ರ ಬರೆಸುತ್ತಾರೆ. ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನ ಮಾತೇ ಕೊನೆ. ಇಲ್ಲಿ ಈ ಪಟ್ಟಿಗಳನ್ನು ಬದಲಿಸಲು ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು.

ಗಡಿ ವಿಷಯದಲ್ಲಿ ಮಾತ್ರ ಹಾಗಿಲ್ಲ. 3ನೇ ವಿಧಿಯಂತೆ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಡ. ನನಗಿದು ಸರಿ ಕಾಣುವುದಿಲ್ಲ.

ನನಗೆ ತುಂಬಾ ಹತ್ತಿರವಾದದ್ದು 1956ರಲ್ಲಿ ಸೇರಿದ 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸುವ ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಅದು. ಮುಂಬಯಿಯ ಕನ್ನಡ ಶಾಲೆಯಲ್ಲಿ 28 ವರ್ಷ ಪಾಠ ಮಾಡಿದವನು ನಾನು. ತರಗತಿ ಮುಚ್ಚುವ ಮಾತು ಬಂದಾಗಲೆಲ್ಲ ಸುಮ್ನೆ ಕೂರಲಿಲ್ಲ. ಈ ವಿಧಿಯನ್ನೇ ಅರ್ಜಿಯ ಮೊದಲ ಸಾಲಿನಲ್ಲಿ ಬರೆದುಕೊಟ್ಟೆ.